ವಂಶದಿಂದ ಬಂದ ನರರೋಗ: ವಿಮೆಯ ಆಸರೆ ಎಷ್ಟು?

ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವಿಮೆ ಮಾಡಿಸಲು ಹೋದಾಗ ಎದುರಾಗುವ ತೊಡಕುಗಳು ಬಹುಪಾಲು ಮನೆಗಳಿಗೆ ಗೊತ್ತು. ಆದರೆ ತಂದೆಯಿಂದಲೋ ತಾಯಿಯಿಂದಲೋ ಬಳುವಳಿಯಾಗಿ ಬಂದ ನರದ ಕಾಯಿಲೆ ಇರುವವರ ಪಾಡೇನು? ಇವತ್ತು ಅವರು ನಡೆಯುತ್ತಾರೆ, ದುಡಿಯುತ್ತಾರೆ, ಮನೆ ನಡೆಸುತ್ತಾರೆ. ಹತ್ತು, ಹದಿನೈದು ವರ್ಷಗಳ ನಂತರ ಕಾಲು ಸೋತರೆ, ಕೈಬೆರಳು ಹಿಡಿತ ಕಳೆದುಕೊಂಡರೆ ಸಂಬಳ ಎಲ್ಲಿಂದ ಬರಬೇಕು? "ಡಾಕ್ಟ್ರೇ, ಇದಕ್ಕೆ ಔಷಧಿ ಇಲ್ಲ ಅಂತ ಗೊತ್ತಾಯ್ತು. ಇನ್ಷೂರೆನ್ಸ್ ಆದರೂ ಇದೆಯಾ?" ಎಂದು ಕೇಳುವವರಿಗೆ ಉತ್ತರ ಒಂದೇ ಮಾತಿನಲ್ಲಿ ಮುಗಿಯುವುದಿಲ್ಲ. ಈ ವಾರ ಆ ವಿಷಯವನ್ನು ಬಿಡಿಸಿ ನೋಡೋಣ.

ಯಾವುದು ಈ ಕಾಯಿಲೆ?

ವಂಶಪಾರಂಪರ್ಯವಾಗಿ ಬರುವ ನರರೋಗಗಳು ಹಲವು. ಅವುಗಳಲ್ಲಿ ಹೆಚ್ಚಾಗಿ ಕಾಣುವುದು ಶಾರ್ಕೊ-ಮರೀ-ಟೂತ್ ಕಾಯಿಲೆ. ವೈದ್ಯರು ಚಿಕ್ಕದಾಗಿ ಸಿ.ಎಂ.ಟಿ. ಎನ್ನುತ್ತಾರೆ. ಹೆಸರಿನಲ್ಲಿರುವ 'ಟೂತ್' ಕಂಡು ಇದು ಹಲ್ಲಿಗೆ ಸಂಬಂಧಿಸಿದ್ದೆಂದು ಭಾವಿಸಬೇಡಿ. 1886ರಲ್ಲಿ ಫ್ರಾನ್ಸಿನ ಶಾರ್ಕೊ ಮತ್ತು ಮರೀ, ಇಂಗ್ಲೆಂಡಿನ ಟೂತ್ ಎಂಬ ಮೂವರು ವೈದ್ಯರು ಇದನ್ನು ವಿವರಿಸಿದರು. ಅವರ ಹೆಸರೇ ಕಾಯಿಲೆಗೆ ಉಳಿಯಿತು. ಸುಮಾರು 2,500 ಜನರಲ್ಲಿ ಒಬ್ಬರಿಗೆ ಇದು ಇರಬಹುದೆಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಂದರೆ ನಾವು ಅಂದುಕೊಂಡಷ್ಟು ಅಪರೂಪದ್ದಲ್ಲ.

ಮಿದುಳು ಮತ್ತು ಬೆನ್ನುಹುರಿಯಿಂದ ಕೈಕಾಲುಗಳಿಗೆ ಹೋಗುವ ನರಗಳನ್ನು ವಿದ್ಯುತ್ ತಂತಿಗೆ ಹೋಲಿಸಬಹುದು. ಒಳಗೆ ತಂತಿ, ಹೊರಗೆ ಮೈಲಿನ್ ಎಂಬ ಹೊದಿಕೆ. ಸಿ.ಎಂ.ಟಿ.ಯ ಒಂದು ಬಗೆಯಲ್ಲಿ ಹೊದಿಕೆ ಕೆಡುತ್ತದೆ, ಇನ್ನೊಂದು ಬಗೆಯಲ್ಲಿ ತಂತಿಯೇ ಸವೆಯುತ್ತದೆ. ಅತಿ ಹೆಚ್ಚಾಗಿ ಕಾಣುವ 1ಎ ಎಂಬ ಬಗೆಗೆ ಕಾರಣ 17ನೇ ವರ್ಣತಂತುವಿನಲ್ಲಿರುವ ಪಿ.ಎಂ.ಪಿ.-22 ಎಂಬ ವಂಶವಾಹಿಯ ಒಂದು ಪ್ರತಿ ಹೆಚ್ಚಾಗಿರುವುದು. ಇದು 1991ರಲ್ಲಿ ಗೊತ್ತಾಯಿತು. ಈ ಬಗೆಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಹುಟ್ಟುವ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ. ಗಂಡು, ಹೆಣ್ಣು ಎಂಬ ಭೇದವಿಲ್ಲ. ತಂದೆ ತಾಯಿ ಇಬ್ಬರೂ ಆರೋಗ್ಯವಾಗಿದ್ದು ಮಕ್ಕಳಲ್ಲಿ ಕಾಣಿಸಿಕೊಳ್ಳುವ ಬಗೆಗಳೂ ಇವೆ. ಸೋದರಮಾವ, ಅತ್ತೆಯ ಮಗ ಎಂದು ರಕ್ತಸಂಬಂಧದಲ್ಲೇ ಮದುವೆ ಮಾಡುವ ಮನೆಗಳಲ್ಲಿ ಇಂಥ ಬಗೆಗಳಿಗೆ ಹೆಚ್ಚು ಅವಕಾಶ.

ಗುರುತು ಹಿಡಿಯುವುದು

ಇದು ಸದ್ದಿಲ್ಲದೆ ಬರುವ ಕಾಯಿಲೆ. ಮಗು ಓಟದಲ್ಲಿ ಸದಾ ಹಿಂದೆ. ಸಮತಟ್ಟಾದ ನೆಲದ ಮೇಲೂ ಎಡವುತ್ತದೆ. ಕಾಲಿನಿಂದ ಚಪ್ಪಲಿ ಕಳಚಿ ಬಿದ್ದರೂ ತಿಳಿಯುವುದಿಲ್ಲ. ಪಾದದ ಕಮಾನು ಎತ್ತರವಾಗಿ, ಕಾಲ್ಬೆರಳುಗಳು ಮಡಚಿಕೊಂಡಿರುತ್ತವೆ. ಮೀನಖಂಡ ತೆಳುವಾಗಿ ಕೊಕ್ಕರೆ ಕಾಲಿನಂತೆ ಕಾಣುತ್ತದೆ. ನಡೆಯುವಾಗ ಮುಂಗಾಲು ನೆಲಕ್ಕೆ ಜೋತು ಬೀಳುವುದರಿಂದ ಮೊಣಕಾಲನ್ನು ಎತ್ತೆತ್ತಿ ಇಡಬೇಕಾಗುತ್ತದೆ. ವರ್ಷಗಳು ಕಳೆದ ಮೇಲೆ ಅಂಗಿಯ ಗುಂಡಿ ಹಾಕುವುದು, ಸೂಜಿಗೆ ದಾರ ಪೋಣಿಸುವುದು, ಬೀಗ ತೆಗೆಯುವುದು ಕಷ್ಟವಾಗಬಹುದು.

"ನಮ್ಮ ಮನೆತನದವರ ಕಾಲೇ ಹಾಗೆ" ಎಂದು ಎಷ್ಟೋ ಕುಟುಂಬಗಳು ಎರಡು ಮೂರು ತಲೆಮಾರು ಸುಮ್ಮನಿರುತ್ತವೆ. ನರವೈದ್ಯರು ನರಗಳ ವೇಗ ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆ ಮಾಡಿಸುತ್ತಾರೆ. ಆರೋಗ್ಯವಂತರ ತೋಳಿನ ನರದಲ್ಲಿ ಸಂದೇಶ ಸೆಕೆಂಡಿಗೆ ಸುಮಾರು 50 ಮೀಟರ್ ಅಥವಾ ಅದಕ್ಕಿಂತ ಹೆಚ್ಚು ವೇಗದಲ್ಲಿ ಸಾಗುತ್ತದೆ. ಹೊದಿಕೆ ಕೆಟ್ಟ ಬಗೆಯಲ್ಲಿ ಅದು 38 ಮೀಟರಿಗಿಂತ ಕೆಳಗಿಳಿದಿರುತ್ತದೆ. ನಂತರ ಬೇಕಿದ್ದರೆ ರಕ್ತದಿಂದ ವಂಶವಾಹಿ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಈ ಕಾಯಿಲೆಗಳ ಅನುಭವವಿರುವ ತಜ್ಞರಿದ್ದಾರೆ.

ಒಂದು ಸಮಾಧಾನದ ಮಾತನ್ನು ಇಲ್ಲೇ ಹೇಳಬೇಕು. ಹೆಚ್ಚಾಗಿ ಕಾಣುವ ಬಗೆಗಳು ಬಹಳ ನಿಧಾನವಾಗಿ ಬೆಳೆಯುತ್ತವೆ, ಸಾಮಾನ್ಯವಾಗಿ ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. ಬುದ್ಧಿಗೂ ತೊಂದರೆಯಿಲ್ಲ. ಆದರೆ ವಿಮೆಯ ತೊಡಕು ಶುರುವಾಗುವುದೂ ಇಲ್ಲಿಂದಲೇ. ಸಾವಿನ ಭಯ ಕಡಿಮೆ, ದುಡಿಯುವ ಶಕ್ತಿ ಕುಂದುವ ಭಯ ಹೆಚ್ಚು. ನಮ್ಮ ದೇಶದ ವಿಮೆಯಾದರೋ ಸಾವಿಗೂ ಆಸ್ಪತ್ರೆಗೂ ಸಿಗುವಷ್ಟು ಸುಲಭವಾಗಿ ದುಡಿಮೆಯ ನಷ್ಟಕ್ಕೆ ಸಿಗುವುದಿಲ್ಲ.

ಅಂಗವಿಕಲತೆಯ ವಿಮೆ ಎಂದರೇನು?

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಕಾಯಿಲೆಯಿಂದ ದುಡಿಯಲಾಗದಿದ್ದರೆ ತಿಂಗಳು ತಿಂಗಳು ಸಂಬಳದ ಒಂದು ಪಾಲು ಕೊಡುವ ವಿಮೆ ಉಂಟು. ನಮ್ಮಲ್ಲಿ ಏಜೆಂಟರು 'ಡಿಸೆಬಿಲಿಟಿ' ಎಂದು ಹೇಳಿ ಕೊಡುವುದರಲ್ಲಿ ಬಹುಪಾಲು ಅಪಘಾತದಿಂದಾದ ಅಂಗವಿಕಲತೆಗೆ ಮಾತ್ರ. ಈ ವ್ಯತ್ಯಾಸ ತಿಳಿಯದೆ ವರ್ಷಗಟ್ಟಲೆ ಕಂತು ಕಟ್ಟಿದವರುಂಟು. ಆದ್ದರಿಂದ ಒಂದೊಂದನ್ನೇ ಬೇರೆ ಮಾಡಿ ನೋಡಿ.

ಮೊದಲನೆಯದು ಅಪಘಾತ ವಿಮೆ. ಅಪಘಾತದಲ್ಲಿ ಸಾವು, ಕೈಕಾಲು ಅಥವಾ ಕಣ್ಣು ಕಳೆದುಕೊಳ್ಳುವುದು, ಕೆಲವು ಪಾಲಿಸಿಗಳಲ್ಲಿ ಕೆಲಸಕ್ಕೆ ಹೋಗಲಾಗದ ವಾರಗಳಿಗೆ ಹಣ, ಇಷ್ಟು ಇದರಲ್ಲಿ ಸಿಗುತ್ತದೆ. ಸಿ.ಎಂ.ಟಿ. ತಾನಾಗಿ ಹೆಚ್ಚಾಗಿ ಕಾಲು ಸೋತರೆ ಒಂದು ಪೈಸೆಯೂ ಬಾರದು. ಆದರೆ ಈ ಕಾಯಿಲೆಯವರು ಬೀಳುವುದು ಹೆಚ್ಚು. ಆಗ ಕಂಪನಿ ಕೇಳುವ ಪ್ರಶ್ನೆ, "ಬಿದ್ದದ್ದು ಅಪಘಾತದಿಂದಲೋ, ಮೊದಲೇ ಇದ್ದ ಕಾಯಿಲೆಯಿಂದಲೋ?" ಎಂದು. ಪ್ರಪೋಸಲ್ ಫಾರಂನಲ್ಲಿ ಅಂಗದೋಷ ಇದೆಯೇ ಎಂಬ ಪ್ರಶ್ನೆ ಇದ್ದೇ ಇರುತ್ತದೆ. ಅಲ್ಲಿ ಇದೆ ಎಂದು ಬರೆದು, ಕಂಪನಿ ಒಪ್ಪಿ ಪಾಲಿಸಿ ಕೊಟ್ಟಿದ್ದರೆ ನಿಮ್ಮ ವಾದ ಗಟ್ಟಿ. ಇಲ್ಲ ಎಂದು ಬರೆದಿದ್ದರೆ ಲಾರಿ ಬಂದು ಗುದ್ದಿದ್ದರೂ ತಕರಾರು ತಪ್ಪಿದ್ದಲ್ಲ.

ನನ್ನಲ್ಲಿಗೆ ಬರುವ ಒಬ್ಬ ಟೈಲರ್ ಮಳೆಗಾಲದಲ್ಲಿ ಬಸ್ಸಿಳಿಯುವಾಗ ಜಾರಿ ಹಿಮ್ಮಡಿಯ ಕೀಲು ಮುರಿದುಕೊಂಡರು. ಕಂಪನಿ ಕಾಯಿಲೆಯ ನೆಪ ಒಡ್ಡಿತು. ಅವರ ಪುಣ್ಯಕ್ಕೆ ಮೂರು ಕಾಗದಗಳಿದ್ದವು: ಅಂಗದೋಷವನ್ನು ನಮೂದಿಸಿದ ಪ್ರಪೋಸಲ್‌ನ ನಕಲು, ಬೀಳುವ ಮುಂಚೆ ಅವರು ಎಷ್ಟು ನಡೆಯುತ್ತಿದ್ದರೆಂದು ನಾನು ಎರಡು ವರ್ಷಗಳಿಂದ ಬರೆದಿಟ್ಟ ಟಿಪ್ಪಣಿ, ಬಿದ್ದ ದಿನವೇ ಆಸ್ಪತ್ರೆಯಲ್ಲಿ ಬರೆಸಿದ ವಿವರ. ನಾಲ್ಕು ತಿಂಗಳು ಓಡಾಡಿಸಿದ ಮೇಲೆ ಹಣ ಬಂತು. ಅವರ ಹೊಲಿಗೆ ಯಂತ್ರ ಅಡವಿಗೆ ಹೋಗದೆ ಉಳಿಯಿತು.

ಎರಡನೆಯದು ಕ್ರಿಟಿಕಲ್ ಇಲ್‌ನೆಸ್ ಪಾಲಿಸಿ, ಅಂದರೆ ಪಟ್ಟಿ ಮಾಡಿದ ಗಂಭೀರ ಕಾಯಿಲೆ ಬಂದರೆ ಒಟ್ಟಿಗೆ ಹಣ ಕೊಡುವಂಥದ್ದು. ಪಟ್ಟಿಯಲ್ಲಿ 'ಕೈಕಾಲುಗಳ ಶಾಶ್ವತ ಪಾರ್ಶ್ವವಾಯು' ಎಂದು ಕಂಡೊಡನೆ ನಮಗೆ ಇದು ಸಾಕು ಎಂದುಕೊಳ್ಳಬೇಡಿ. ಅದರ ಪ್ರಮಾಣಿತ ವ್ಯಾಖ್ಯೆ ಓದಿ. ಎರಡು ಅಥವಾ ಹೆಚ್ಚು ಕೈಕಾಲುಗಳು ಪೂರ್ತಿಯಾಗಿ, ಮತ್ತೆ ಸರಿಹೋಗದಂತೆ ಶಕ್ತಿ ಕಳೆದುಕೊಂಡಿರಬೇಕು, ಅದಕ್ಕೆ ಕಾರಣ ಮಿದುಳು ಅಥವಾ ಬೆನ್ನುಹುರಿಯ ಕಾಯಿಲೆ ಇಲ್ಲವೇ ಪೆಟ್ಟು ಆಗಿರಬೇಕು. ಸಿ.ಎಂ.ಟಿ. ಮಿದುಳಿನದೂ ಅಲ್ಲ, ಬೆನ್ನುಹುರಿಯದೂ ಅಲ್ಲ. ಅದು ಹೊರಗಿನ ನರಗಳದ್ದು. ಪಟ್ಟಿಯಲ್ಲಿರುವ 'ಮೋಟಾರ್ ನ್ಯೂರಾನ್ ಕಾಯಿಲೆ'ಯೂ ಬೇರೆಯೇ. ಆದ್ದರಿಂದ ಈ ನರರೋಗಕ್ಕಾಗಿ ಈ ಪಾಲಿಸಿ ಕೊಳ್ಳುವುದು ಛತ್ರಿ ಬೇಕಾದವನು ಕಂಬಳಿ ಕೊಂಡಂತೆ. ಕ್ಯಾನ್ಸರ್, ಹೃದಯಾಘಾತಗಳಿಗಾಗಿ ಬೇಕೆನಿಸಿದರೆ ಕೊಳ್ಳಬಹುದು.

ಮೂರನೆಯದು ಆರೋಗ್ಯ ವಿಮೆ. ಇದು ಸಂಬಳ ಕೊಡುವುದಿಲ್ಲ, ಆಸ್ಪತ್ರೆ ಖರ್ಚು ಕೊಡುತ್ತದೆ. ಪಾದದ ಶಸ್ತ್ರಚಿಕಿತ್ಸೆ, ಬಿದ್ದು ಮೂಳೆ ಮುರಿದಾಗಿನ ಚಿಕಿತ್ಸೆ ನೆನೆದರೆ ಇದರ ಬೆಲೆ ತಿಳಿಯುತ್ತದೆ. ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ ಹಿಂದೆ 4 ವರ್ಷದವರೆಗೆ ಇತ್ತು. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದನ್ನು ಹೆಚ್ಚೆಂದರೆ 3 ವರ್ಷಕ್ಕೆ ಇಳಿಸಿತು. ಅಂದರೆ ಇಂದು ಪಾಲಿಸಿ ಕೊಂಡು ಬಿಡದೆ ನವೀಕರಿಸಿದರೆ 3 ವರ್ಷದ ನಂತರ ಈ ಕಾಯಿಲೆಯ ಚಿಕಿತ್ಸೆಗೂ ಹಣ ಕೇಳಬಹುದು. ಆದರೆ ಕಾಲಿಗೆ ಹಾಕುವ ಪಟ್ಟಿ, ವಿಶೇಷ ಬೂಟು, ಮನೆಗೆ ಬರುವ ಫಿಸಿಯೋಥೆರಪಿಯವರ ಶುಲ್ಕ ಇವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. 'ಶಾಶ್ವತವಾಗಿ ಹೊರಗಿಟ್ಟದ್ದು' ಎಂಬ ಸಾಲು ನಿಮ್ಮ ಪಾಲಿಸಿಯಲ್ಲಿ ಇದೆಯೇ ಎಂದೂ ನೋಡಿ.

ನಾಲ್ಕನೆಯದು ಜೀವ ವಿಮೆ. ಕಾಯಿಲೆ ಹಗುರವಾಗಿದ್ದರೆ ಇದು ಸಿಗುವ ಅವಕಾಶ ಚೆನ್ನಾಗಿದೆ. ಕೆಲವೊಮ್ಮೆ ಕಂತು ಹೆಚ್ಚು ಕೇಳುತ್ತಾರೆ. ಜೊತೆಗೆ ಕೊಳ್ಳುವ ಅಂಗವಿಕಲತೆಯ ರೈಡರನ್ನು ನಿರಾಕರಿಸಿ ಮೂಲ ಪಾಲಿಸಿ ಕೊಡುವುದೂ ಉಂಟು. ರೈಡರ್ ಸಿಗಲಿಲ್ಲವೆಂದು ಸಿಟ್ಟಾಗಿ ಮೂಲ ಪಾಲಿಸಿಯನ್ನೂ ಬಿಟ್ಟು ಬರಬೇಡಿ.

ವಂಶವಾಹಿ ದೋಷ ಎಂಬ ನೆಪ

ಒಂದು ಕಾಲದಲ್ಲಿ ಆರೋಗ್ಯ ವಿಮೆಯ ಪಾಲಿಸಿಗಳಲ್ಲಿ 'ವಂಶವಾಹಿ ಕಾಯಿಲೆಗಳಿಗೆ ಹಣ ಇಲ್ಲ' ಎಂಬ ಒಂದು ಸಾಲು ಇರುತ್ತಿತ್ತು. ಹೃದಯದ ಸ್ನಾಯು ದಪ್ಪವಾಗುವ ವಂಶಪಾರಂಪರ್ಯ ಕಾಯಿಲೆಯ ಒಂದು ಪ್ರಕರಣದಲ್ಲಿ ದೆಹಲಿ ಹೈಕೋರ್ಟು 2018ರ ಫೆಬ್ರವರಿಯಲ್ಲಿ ತೀರ್ಪು ನೀಡಿ, ಇಂಥ ಬೀಸುಮಾತಿನ ಹೊರಗಿಡುವಿಕೆ ಸಂವಿಧಾನಕ್ಕೆ ವಿರುದ್ಧವಾದ ತಾರತಮ್ಯ ಎಂದಿತು. ವಿವಾದ ಸುಪ್ರೀಂ ಕೋರ್ಟಿನವರೆಗೂ ಹೋಯಿತು. ಈ ನಡುವೆ ಪ್ರಾಧಿಕಾರ ಅದೇ ವರ್ಷ ಕಂಪನಿಗಳಿಗೆ ಸುತ್ತೋಲೆ ಕಳಿಸಿತು. 2019ರ ಮಾರ್ಗಸೂಚಿಯಲ್ಲಿ ಆರೋಗ್ಯ ವಿಮೆಯಿಂದ ಹೊರಗಿಡಬಾರದವುಗಳ ಸಾಲಿಗೆ ವಂಶವಾಹಿ ಕಾಯಿಲೆಗಳನ್ನು ಸೇರಿಸಿತು. ಆದ್ದರಿಂದ ಯಾರಾದರೂ "ಇದು ಜೆನೆಟಿಕ್, ಬರೋದಿಲ್ಲ" ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬೇಡಿ. ಕಾರಣವನ್ನು ಬರಹದಲ್ಲಿ ಕೇಳಿ.

ಮುಚ್ಚಿಟ್ಟರೆ ಏನಾಗುತ್ತದೆ?

"ಡಾಕ್ಟ್ರೇ, ನೋಡಿದರೆ ಗೊತ್ತಾಗಲ್ಲ. ಬರೆಯದೇ ಇದ್ದರೆ ಆಯ್ತಲ್ಲ?" ಎಂದು ಕೇಳುವವರು ಬಹಳ. ಏಜೆಂಟರಲ್ಲೂ ಕೆಲವರು ಹಾಗೆ ಹೇಳಿಕೊಡುವುದುಂಟು. ಇದು ಕಂತು ಕಟ್ಟಿ ತೊಂದರೆ ಕೊಂಡುಕೊಳ್ಳುವ ದಾರಿ.

ಕಾನೂನು ಹೀಗಿದೆ. ಜೀವ ವಿಮೆಯಲ್ಲಿ ಪಾಲಿಸಿ ಶುರುವಾಗಿ 3 ವರ್ಷ ಕಳೆದ ಮೇಲೆ ಕಂಪನಿ ಅದನ್ನು ಪ್ರಶ್ನಿಸುವಂತಿಲ್ಲ. ಆರೋಗ್ಯ ವಿಮೆಯಲ್ಲಿ ಬಿಡದೆ 5 ವರ್ಷ ಕಟ್ಟಿದ ಮೇಲೆ, ವಂಚನೆ ಸಾಬೀತಾದ ಸಂದರ್ಭ ಬಿಟ್ಟು, ಕಾಯಿಲೆ ಮುಚ್ಚಿಟ್ಟರೆಂದು ಹಣ ನಿರಾಕರಿಸುವಂತಿಲ್ಲ. ಇದನ್ನು ಓದಿ 'ಐದು ವರ್ಷ ತೆಪ್ಪಗಿದ್ದರಾಯಿತು' ಎಂದು ಲೆಕ್ಕ ಹಾಕಬೇಡಿ. ಬೀಳುವುದು, ಮುರಿಯುವುದು ನಿಮ್ಮ ಲೆಕ್ಕ ನೋಡಿ ಬರುವುದಿಲ್ಲ. ಆಸ್ಪತ್ರೆಗೆ ಸೇರಿದ ದಿನ ವೈದ್ಯರು "ಎಷ್ಟು ವರ್ಷದಿಂದ ಹೀಗಿದೆ?" ಎಂದು ಕೇಳುತ್ತಾರೆ. ನೀವು "ಚಿಕ್ಕಂದಿನಿಂದ" ಎನ್ನುತ್ತೀರಿ. ಅದು ಕೇಸ್ ಶೀಟಿನಲ್ಲಿ ಬರೆಯಲ್ಪಡುತ್ತದೆ. ಕಂಪನಿ ಮೊದಲು ತೆಗೆದು ನೋಡುವುದು ಅದನ್ನೇ. ಪಾಲಿಸಿ ರದ್ದಾದರೆ ಈ ಕಾಯಿಲೆಗಷ್ಟೇ ಅಲ್ಲ, ನಾಳೆ ಬರುವ ಕರುಳುಬೇನೆಗೂ ರಕ್ಷಣೆ ಹೋಗುತ್ತದೆ.

ಅರ್ಜಿ ಹಾಕುವ ಮುನ್ನ

ವಿಮಾ ಕಂಪನಿಯ ವೈದ್ಯರಿಗೆ ಈ ಕಾಯಿಲೆ ದಿನನಿತ್ಯ ಕಾಣುವಂಥದ್ದಲ್ಲ. ಹೆಸರು ಮಾತ್ರ ಕಂಡರೆ ಅವರು ಇದನ್ನು ಸ್ನಾಯು ಕ್ಷಯಿಸುವ ಬೇರೆ ಗಂಭೀರ ಕಾಯಿಲೆಗಳ ಜೊತೆ ಸೇರಿಸಿಬಿಡಬಹುದು. ಆದ್ದರಿಂದ ಬರಿ ಹೆಸರಲ್ಲ, ನಿಮ್ಮ ಸ್ಥಿತಿ ಅವರ ಮುಂದಿರಬೇಕು. ನಿಮ್ಮ ನರವೈದ್ಯರಿಂದ ಒಂದು ಪುಟದ ಪತ್ರ ಬರೆಸಿಕೊಳ್ಳಿ. ಅದರಲ್ಲಿ ಇವು ಇರಲಿ: ಕಾಯಿಲೆಯ ಬಗೆ ಯಾವುದು, ಯಾವ ವರ್ಷ ಗೊತ್ತಾಯಿತು, ಕಳೆದ ಮೂರು ನಾಲ್ಕು ವರ್ಷಗಳಲ್ಲಿ ಎಷ್ಟು ಹೆಚ್ಚಾಗಿದೆ ಅಥವಾ ಹೆಚ್ಚಾಗಿಲ್ಲ, ಆಸರೆಯಿಲ್ಲದೆ ಎಷ್ಟು ನಡೆಯುತ್ತೀರಿ, ಮೆಟ್ಟಿಲು ಹತ್ತುತ್ತೀರಾ, ಬರೆಯುತ್ತೀರಾ, ಉಸಿರಾಟ ಸರಿಯಾಗಿದೆಯೇ, ಕೆಲಸಕ್ಕೆ ಎಷ್ಟು ದಿನ ಗೈರುಹಾಜರಾಗಿದ್ದೀರಿ, ಈ ಬಗೆಯಲ್ಲಿ ಆಯುಷ್ಯ ಸಾಮಾನ್ಯವಾಗಿ ಕಡಿಮೆಯಾಗುವುದಿಲ್ಲ ಎಂಬ ಮಾತು.

ಫಾರಂ ಅನ್ನು ಏಜೆಂಟರ ಕೈಗೆ ಸಹಿ ಮಾಡಿದ ಖಾಲಿ ಹಾಳೆಯಾಗಿ ಕೊಡಬೇಡಿ. ನೀವೇ ತುಂಬಿ, ಇಲ್ಲವೇ ಮಗಳಿಂದಲೋ ಮಗನಿಂದಲೋ ಓದಿಸಿ ತುಂಬಿಸಿ. ನಕಲು ಇಟ್ಟುಕೊಳ್ಳಿ. ಪಾಲಿಸಿ ಕೈಗೆ ಬಂದ ಮೇಲೆ 30 ದಿನಗಳ ಪರಿಶೀಲನಾ ಅವಧಿ ಇರುತ್ತದೆ. ಅಷ್ಟರಲ್ಲಿ ಓದಿ, ಏಜೆಂಟರು ಹೇಳಿದ್ದಕ್ಕೂ ಅಚ್ಚಾದದ್ದಕ್ಕೂ ತಾಳೆಯಾಗದಿದ್ದರೆ ಹಿಂದಿರುಗಿಸಿ.

ಹೊಸ ಮದುವೆ, ಹೊಸ ನೌಕರಿಯ ಕಾಲದಲ್ಲೇ ಇದಕ್ಕೆ ಕೈಹಾಕುವುದು ಒಳ್ಳೆಯದು. ಕಾಯಿಲೆ ಹಗುರವಾಗಿದ್ದಾಗ ಸಿಗುವ ಪಾಲಿಸಿ ಊರುಗೋಲು ಬಂದ ಮೇಲೆ ಸಿಗುವುದು ಕಷ್ಟ.

ತಮ್ಮ ತಂಗಿಯರಿಗೆ ರಕ್ತಪರೀಕ್ಷೆ ಬೇಕೇ?

ಮನೆಯಲ್ಲಿ ಒಬ್ಬರಿಗೆ ಕಾಯಿಲೆ ಗೊತ್ತಾದೊಡನೆ ಉಳಿದವರೆಲ್ಲರಿಗೂ ವಂಶವಾಹಿ ಪರೀಕ್ಷೆ ಮಾಡಿಸಿಬಿಡೋಣ ಎಂಬ ಆತುರ ಹುಟ್ಟುತ್ತದೆ. ಲಕ್ಷಣವೇ ಇಲ್ಲದ ಚಿಕ್ಕ ಮಕ್ಕಳಿಗೆ ಈ ಪರೀಕ್ಷೆಯನ್ನು ಸಾಮಾನ್ಯವಾಗಿ ಮಾಡಿಸುವುದಿಲ್ಲ. ಮೊದಲೇ ತಿಳಿದು ಮಾಡಬಹುದಾದ ಔಷಧಿ ಇಲ್ಲ, ಮಗುವಿನ ತಲೆಯ ಮೇಲೆ ಒಂದು ಹಣೆಪಟ್ಟಿ ಮಾತ್ರ ಉಳಿಯುತ್ತದೆ. ಬೆಳೆದವರು ತಾವೇ ಯೋಚಿಸಿ, ವಂಶವಾಹಿ ತಜ್ಞರ ಸಲಹೆ ಪಡೆದು ತೀರ್ಮಾನಿಸಬೇಕು. ಲಕ್ಷಣ ಇದ್ದರೆ ಮಾತ್ರ ತಡಮಾಡಬೇಡಿ. ವಿಮೆಯ ಫಾರಂನಲ್ಲಿ ಮನೆತನದ ಕಾಯಿಲೆಯ ಪ್ರಶ್ನೆ ಇದ್ದರೆ ಆರೋಗ್ಯವಾಗಿರುವ ತಂಗಿಯೂ ನಿಜವನ್ನೇ ಬರೆಯಬೇಕು. ಮನೆಯಲ್ಲಿ ಕಾಯಿಲೆ ಇರುವುದೇ ಬೇರೆ, ತನಗೆ ಕಾಯಿಲೆ ಇರುವುದೇ ಬೇರೆ. ವೈದ್ಯರು ಆಕೆಯಲ್ಲಿ ಕಾಯಿಲೆ ಗುರುತಿಸಿರದಿದ್ದರೆ, ಸಲಹೆ ಚಿಕಿತ್ಸೆ ಪಡೆದಿರದಿದ್ದರೆ ಅದನ್ನು 'ಮೊದಲೇ ಇದ್ದ ಕಾಯಿಲೆ' ಎನ್ನಲು ಬರುವುದಿಲ್ಲ.

ನೌಕರಿಯೇ ದೊಡ್ಡ ವಿಮೆ

ಬಿಡಿಯಾಗಿ ಸಿಗದ ರಕ್ಷಣೆ ಗುಂಪಿನಲ್ಲಿ ಸಿಗುತ್ತದೆ. ಕಂಪನಿಗಳು ನೌಕರರಿಗೆ ಮಾಡಿಸುವ ಸಾಮೂಹಿಕ ಆರೋಗ್ಯ ವಿಮೆಯಲ್ಲಿ ಮೊದಲೇ ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ ಇರುವುದು ಸಾಮಾನ್ಯ. ಸಾಮೂಹಿಕ ಅಪಘಾತ ವಿಮೆ, ಜೀವ ವಿಮೆಗಳಲ್ಲೂ ಒಂದು ಮಿತಿಯವರೆಗೆ ವೈದ್ಯ ಪರೀಕ್ಷೆ ಇಲ್ಲದಿರಬಹುದು. ಕೆಲಸಕ್ಕೆ ಸೇರುವಾಗ ಸಂಬಳದ ಜೊತೆ ಇದನ್ನೂ ವಿಚಾರಿಸಿ. ಕೆಲಸ ಬಿಟ್ಟರೆ ಇದೂ ಹೋಗುತ್ತದೆ ಎಂಬುದನ್ನು ಮರೆಯದೆ ಸ್ವಂತದ ಒಂದು ಚಿಕ್ಕ ಆರೋಗ್ಯ ಪಾಲಿಸಿಯನ್ನೂ ನಡೆಸಿಕೊಂಡು ಬನ್ನಿ.

ಸರ್ಕಾರಿ ನೌಕರರಿಗೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ದೊಡ್ಡ ಆಸರೆ. ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದವರನ್ನು ಸರ್ಕಾರಿ ಸಂಸ್ಥೆ ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಆ ಕೆಲಸ ಮಾಡಲಾಗದಿದ್ದರೆ ಅದೇ ವೇತನ ಶ್ರೇಣಿಯ ಬೇರೆ ಹುದ್ದೆಗೆ ಬದಲಾಯಿಸಬೇಕು. ಹುದ್ದೆ ಇಲ್ಲದಿದ್ದರೆ ಸಿಗುವವರೆಗೆ ಅಥವಾ ನಿವೃತ್ತಿಯವರೆಗೆ ಹೆಚ್ಚುವರಿ ಹುದ್ದೆಯಲ್ಲಿ ಇಟ್ಟುಕೊಳ್ಳಬೇಕು. ಹೀಗಿರುವಾಗ "ನಿಂತು ಪಾಠ ಮಾಡಲಾಗುವುದಿಲ್ಲ" ಎಂದು ರಾಜೀನಾಮೆ ಬರೆಯಲು ಹೊರಟ ಮೇಷ್ಟ್ರು ಮೊದಲು ಈ ಕಾಯ್ದೆಯ 20ನೇ ಕಲಮನ್ನು ಓದಬೇಕು.

ಖಾಸಗಿ ನೌಕರರಲ್ಲಿ ಭವಿಷ್ಯನಿಧಿಯ ಪಿಂಚಣಿ ಯೋಜನೆಯ ಸದಸ್ಯರಾದವರಿಗೆ ಹೆಚ್ಚು ಜನಕ್ಕೆ ಗೊತ್ತಿಲ್ಲದ ಒಂದು ಸೌಲಭ್ಯವಿದೆ. ನೌಕರಿಯಲ್ಲಿದ್ದಾಗ ಶಾಶ್ವತವಾಗಿ, ಪೂರ್ಣವಾಗಿ ದುಡಿಯಲಾರದಂತಾದರೆ ತಿಂಗಳ ಪಿಂಚಣಿ ಸಿಗುತ್ತದೆ. ಇದಕ್ಕೆ 10 ವರ್ಷದ ಸೇವೆ ಬೇಕಿಲ್ಲ, ಕನಿಷ್ಠ ಒಂದು ತಿಂಗಳ ವಂತಿಗೆ ಕಟ್ಟಿದ್ದರೆ ಸಾಕು. ಕಾರಣ ಅಪಘಾತವೇ ಆಗಿರಬೇಕೆಂದಿಲ್ಲ. ಮೊತ್ತ ದೊಡ್ಡದಲ್ಲ, ಆದರೆ ಕಾಯಿಲೆಗೆ ಸಿಗುವ ಅಪರೂಪದ ಅಂಗವಿಕಲತೆಯ ಪಿಂಚಣಿ ಇದು. ವೈದ್ಯಮಂಡಳಿಯ ಪರೀಕ್ಷೆ ಇರುತ್ತದೆ. ಕೆಲಸ ಬಿಟ್ಟ ಮೇಲೆ ಕೇಳುವುದಕ್ಕಿಂತ ಕೆಲಸದಲ್ಲಿರುವಾಗಲೇ ಕಚೇರಿಯಲ್ಲಿ ವಿಚಾರಿಸಿ.

ಇ.ಎಸ್.ಐ. ಚೀಟಿ ಇರುವವರಿಗೆ ಮೊದಲೇ ಇದ್ದ ಕಾಯಿಲೆ ಎಂಬ ಅಡ್ಡಿಯಿಲ್ಲದೆ ಚಿಕಿತ್ಸೆ ದೊರೆಯುತ್ತದೆ. ಇದರ ಸಂಬಳ ಮಿತಿಯನ್ನು 2017ರಲ್ಲಿ ತಿಂಗಳಿಗೆ 21 ಸಾವಿರ ರೂಪಾಯಿಗೆ ಏರಿಸಲಾಯಿತು. ಅಂಗವಿಕಲರಿಗೆ 25 ಸಾವಿರ. ಕಾಯಿಲೆಯ ರಜೆಗೂ ಸಂಬಳದ ಶೇಕಡ 70ರಷ್ಟು ಭತ್ಯೆಯನ್ನು ವರ್ಷಕ್ಕೆ 91 ದಿನಗಳವರೆಗೆ ಪಡೆಯಬಹುದು.

ಎಲ್ಲರಿಗೂ ಸಿಗುವಂಥವು

ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದೊಳಗಿನವರು ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ವರ್ಷಕ್ಕೆ ಕಂತು 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಎರಡೂ ಕಾಲು, ಎರಡೂ ಕೈ ಕಳೆದುಕೊಂಡಂಥ ಪೂರ್ಣ ಅಂಗವಿಕಲತೆಗೆ 2 ಲಕ್ಷ, ಒಂದು ಕೈ ಅಥವಾ ಒಂದು ಕಾಲಿಗೆ 1 ಲಕ್ಷ. ಇದೂ ಅಪಘಾತಕ್ಕೆ ಮಾತ್ರವೇ. ಆದರೂ ಒಂದು ಊಟದ ಬೆಲೆಗೂ ಕಡಿಮೆ ಹಣಕ್ಕೆ ವೈದ್ಯ ಪರೀಕ್ಷೆಯಿಲ್ಲದೆ ಸಿಗುವುದನ್ನು ಬಿಡುವುದೇಕೆ? ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಆಸ್ಪತ್ರೆ ಚಿಕಿತ್ಸೆ ಇದೆ. ಅಲ್ಲಿ ಹಳೆಯ ಕಾಯಿಲೆ, ಹೊಸ ಕಾಯಿಲೆ ಎಂಬ ಭೇದವಿಲ್ಲ.

ಕಾಯಿಲೆ ಹೆಚ್ಚಾಗಿದ್ದರೆ ಯು.ಡಿ.ಐ.ಡಿ. ಎಂಬ ಅಂಗವಿಕಲರ ಗುರುತಿನ ಚೀಟಿಗೆ ಅರ್ಜಿ ಹಾಕಿ. ಜಿಲ್ಲಾ ಆಸ್ಪತ್ರೆಯಲ್ಲಿ ತಪಾಸಣೆ ನಡೆಯುತ್ತದೆ. ಶೇಕಡ 40 ಅಥವಾ ಹೆಚ್ಚು ಎಂದಾದರೆ ಮೀಸಲಾತಿ, ಬಸ್ ಪಾಸ್, ಅರ್ಹರಿಗೆ ಮಾಸಾಶನ ಇವಕ್ಕೆ ದಾರಿಯಾಗುತ್ತದೆ. ಶೇಕಡ 40 ದಾಟಿದವರಿಗೂ ಸೂಕ್ತವಾದ ಒಂದು ಆರೋಗ್ಯ ಪಾಲಿಸಿಯನ್ನು ತರಬೇಕೆಂದು 2023ರ ಫೆಬ್ರವರಿಯಲ್ಲಿ ಪ್ರಾಧಿಕಾರ ಆರೋಗ್ಯ ವಿಮಾ ಕಂಪನಿಗಳಿಗೆ ಸೂಚಿಸಿತು. ಕೇಳಿದರೆ "ಅಂಥದ್ದಿಲ್ಲ" ಎನ್ನುವವರಿಗೆ ಈ ಸೂಚನೆ ನೆನಪಿಸಿ. ಚೀಟಿ ಮಾಡಿಸಿದರೆ ಮಗಳ ಮದುವೆಗೆ ಅಡ್ಡಿಯಾದೀತೆಂದು ಹಿಂಜರಿಯುವ ತಂದೆ ತಾಯಿಗಳನ್ನು ನಾನು ಕಂಡಿದ್ದೇನೆ. ಅವರ ಅಂಜಿಕೆ ಅರ್ಥವಾಗುತ್ತದೆ. ಆದರೆ ಆ ಚೀಟಿ ಮಗಳ ಹಕ್ಕು. ಬೆಳೆದ ಮಗಳಾದರೆ ಆ ತೀರ್ಮಾನ ಆಕೆಗೆ ಬಿಡಿ.

ಹೊರದೇಶದಲ್ಲಿರುವ ಮಕ್ಕಳಿಗೆ

ಅಮೆರಿಕದಲ್ಲಿ ಕೆಲಸ ಮಾಡುವ ಮಕ್ಕಳಿರುವ ಮನೆಗಳು ಒಂದು ಸಂಗತಿ ತಿಳಿದಿರಲಿ. ಅಲ್ಲಿ 2008ರ 'ಜಿನಾ' ಕಾಯ್ದೆ ವಂಶವಾಹಿ ಪರೀಕ್ಷೆಯ ಫಲಿತಾಂಶ ನೋಡಿ ಆರೋಗ್ಯ ವಿಮೆ, ನೌಕರಿಗಳಲ್ಲಿ ಭೇದ ಮಾಡುವುದನ್ನು ತಡೆಯುತ್ತದೆ. ಆದರೆ ಜೀವ ವಿಮೆ, ಅಂಗವಿಕಲತೆಯ ವಿಮೆಗಳಿಗೆ ಅದು ಅನ್ವಯಿಸುವುದಿಲ್ಲ. ಆದ್ದರಿಂದ ಅಲ್ಲಿ ಬಿಡಿ ಪಾಲಿಸಿಗಿಂತ ಕೆಲಸ ಕೊಟ್ಟವರ ಸಾಮೂಹಿಕ ಅಂಗವಿಕಲತೆಯ ವಿಮೆಯೇ ಇಂಥವರಿಗೆ ಸುಲಭ ದಾರಿ. ಕೆಲಸಕ್ಕೆ ಸೇರಿದ ಮೊದಲ ಅವಕಾಶದಲ್ಲೇ ಒಪ್ಪಿಕೊಂಡರೆ ಆರೋಗ್ಯದ ಪ್ರಶ್ನೆಗಳಿಲ್ಲದೆ ಸಿಗುವುದು ಹೆಚ್ಚು. ತಡವಾಗಿ ಸೇರಿದರೆ ವಿಚಾರಣೆ ಶುರುವಾಗುತ್ತದೆ. ಸೇರುವ ಮುಂಚಿನ ಕೆಲವು ತಿಂಗಳಲ್ಲಿ ಚಿಕಿತ್ಸೆ ಪಡೆದ ಕಾಯಿಲೆಗೆ ಮೊದಲ ವರ್ಷ ಹಣವಿಲ್ಲ ಎಂಬ ನಿಬಂಧನೆಯೂ ಅನೇಕ ಪಾಲಿಸಿಗಳಲ್ಲಿ ಇರುತ್ತದೆ.

ನಿರಾಕರಿಸಿದರೆ

ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ವಿಮಾ ಓಂಬುಡ್ಸ್‌ಮನ್‌ಗೆ ಬರೆಯಿರಿ. ಕರ್ನಾಟಕದ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಕಂಪನಿ ನಿರಾಕರಿಸಿದ ಒಂದು ವರ್ಷದೊಳಗೆ ಹೋಗಬೇಕು. 50 ಲಕ್ಷದವರೆಗಿನ ವಿವಾದಗಳನ್ನು ಅವರು ನೋಡುತ್ತಾರೆ. ಪ್ರಾಧಿಕಾರದ ಉಚಿತ ದೂರವಾಣಿ 155255. ಗ್ರಾಹಕ ನ್ಯಾಯಾಲಯದ ಬಾಗಿಲೂ ತೆರೆದಿದೆ.

ವಿಮೆ ಕೊಡದ ರಕ್ಷಣೆ

ಕೊನೆಯದಾಗಿ ವೈದ್ಯನಾಗಿ ನಾಲ್ಕು ಮಾತು. ಮುಂಗಾಲು ಜೋಲುತ್ತಿದ್ದರೆ ಹಗುರವಾದ ಕಾಲುಪಟ್ಟಿ ಹಾಕಿಕೊಳ್ಳಲು ನಾಚಬೇಡಿ. ಒಂದು ಬೀಳುವಿಕೆ ತಪ್ಪಿದರೆ ಅದೇ ದೊಡ್ಡ ಉಳಿತಾಯ. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿ ಇರುವ ಪಾದರಕ್ಷೆ ತೊಡಿ. ಪಾದದಲ್ಲಿ ಸ್ಪರ್ಶ ಕಡಿಮೆ ಇರುವವರು ರಾತ್ರಿ ಮಲಗುವ ಮುನ್ನ ಅಂಗಾಲು ನೋಡಿಕೊಳ್ಳಿ, ಗಾಯ ಇದ್ದೀತು. ಬಚ್ಚಲಲ್ಲಿ ಹಿಡಿಕೆ ಹಾಕಿಸಿ. ದಿನವೂ ಕೀಲುಗಳನ್ನು ಹಿಗ್ಗಿಸುವ ವ್ಯಾಯಾಮ ಮಾಡಿ, ದಣಿವಾಗುವಷ್ಟು ಬೇಡ. ಸಕ್ಕರೆ ಕಾಯಿಲೆ ಮತ್ತು ಮದ್ಯ ಎರಡೂ ಈ ನರಗಳಿಗೆ ಗಾಯದ ಮೇಲೆ ಬರೆ ಎಳೆದಂತೆ. ಯಾವ ವೈದ್ಯರ ಬಳಿ ಹೋದರೂ ನಿಮ್ಮ ಕಾಯಿಲೆಯ ಹೆಸರನ್ನು ಮೊದಲೇ ಹೇಳಿ. ಕ್ಯಾನ್ಸರಿಗೆ ಕೊಡುವ ವಿನ್‌ಕ್ರಿಸ್ಟಿನ್‌ನಂಥ ಔಷಧಿ ಈ ಕಾಯಿಲೆ ಇರುವವರ ನರಗಳನ್ನು ತೀವ್ರವಾಗಿ ಕೆಡಿಸಬಲ್ಲದು. ಮಕ್ಕಳು ಓದುವ ವಿಷಯ ಆರಿಸುವಾಗ ಕುಳಿತು ಮಾಡುವ, ಬೆರಳ ಬಲಕ್ಕಿಂತ ತಲೆಯ ಬಲ ಬೇಡುವ ಕೆಲಸಗಳ ಕಡೆ ನೋಡಿ. ವಿಮೆ ಸಿಗದ ಕಂತಿನ ಹಣವನ್ನು ತಿಂಗಳಿಗಿಷ್ಟು ಎಂದು ಬೇರೆಯಾಗಿ ಕೂಡಿಡಿ, ಅದನ್ನು ಹಬ್ಬಕ್ಕೂ ಮುಟ್ಟಬೇಡಿ.

ಇಂದೇ ಮಾಡಬಹುದಾದ ಮೂರು ಕೆಲಸ: ಮನೆಯಲ್ಲಿರುವ ಪಾಲಿಸಿಗಳನ್ನೆಲ್ಲ ಹೊರತೆಗೆದು 'ಅಂಗವಿಕಲತೆ' ಎಂಬ ಪದದ ಮುಂದೆ 'ಅಪಘಾತದಿಂದ' ಎಂದಿದೆಯೇ ನೋಡಿ. ನರವೈದ್ಯರ ವರದಿಗಳನ್ನು ವರ್ಷದ ಕ್ರಮದಲ್ಲಿ ಒಂದು ಫೈಲಿನಲ್ಲಿ ಜೋಡಿಸಿ. ನಾಳೆ ಬ್ಯಾಂಕಿಗೆ ಹೋದಾಗ ಆ 20 ರೂಪಾಯಿಯ ಅರ್ಜಿ ತುಂಬಿ ಬನ್ನಿ.